ಕಾಶಮ್ಮನ ಬ್ಯಾಟರಿ ದೀಪ

ಏಕಾಂತಪ್ಪ ಮೀಸೆ ಬೋಳಿಸಿಕೊಂಡದ್ದು ಹೆಂಡತಿಗಾಗಿ ಎಂಬುದು ಭದ್ರಾವತಿಯ ಓಲ್ಡ್ ಟೌನಿನಲ್ಲಿ ಬಹಳ ಜನಕ್ಕೆ ಗೊತ್ತಿತ್ತು. ಮದುವೆಯಾದ ಎರಡನೆಯ ವರ್ಷ ಕಾಶಮ್ಮನಿಗೆ ವಿಷಮಶೀತ ಜ್ವರ ಬಂದು, ಬದುಕುವುದೇ ಅನುಮಾನ ಎನ್ನುವಷ್ಟು ಸೊರಗಿದ್ದಳು. ಜ್ವರ ಬಿಟ್ಟು ಎದ್ದು ಕೂತಾಗ ಎರಡು ಕಿವಿಯೂ ಹೋಗಿದ್ದವು. ಮಾತೇನೋ ಹೋಗಿರಲಿಲ್ಲ. ಆದರೆ ತನ್ನ ದನಿ ತನಗೇ ಕೇಳಿಸದ್ದರಿಂದ ಅದು ಎಷ್ಟು ಏರಿತು, ಎಷ್ಟು ಇಳಿಯಿತು ಎಂಬ ಅಂದಾಜು ತಪ್ಪಿತು. ಅವಳು ಉಪ್ಪು ಕೇಳಿದರೆ ಬೀದಿಯವರೆಲ್ಲ ತಿರುಗಿ ನೋಡುತ್ತಿದ್ದರು. ಅತ್ತೆ ಮಹಾಂತಮ್ಮ ಅಂಗೈ ಕೆಳಗೆ ಮಾಡಿ, ಮೆಲ್ಲಗೆ, ಮೆಲ್ಲಗೆ ಎಂದು ಸನ್ನೆ ಮಾಡುತ್ತಿದ್ದಳು. ಬರಬರುತ್ತ ಕಾಶಮ್ಮ ಮಾತನ್ನೇ ಕಡಿಮೆ ಮಾಡಿದಳು.

ತುಟಿ ನೋಡಿ ಮಾತು ತಿಳಿಯುವುದನ್ನು ಅವಳಿಗೆ ಯಾರೂ ಕಲಿಸಲಿಲ್ಲ. ಗಂಡನ ಮುಖವನ್ನೇ ನೋಡುತ್ತ ನೋಡುತ್ತ ತಾನಾಗಿ ಕಲಿತಳು. ಮೊದಮೊದಲು ಅವನ ದಪ್ಪ ಮೀಸೆ ಅಡ್ಡ ಬರುತ್ತಿತ್ತು. "ನಿಮ್ಮ ಅರ್ಧ ಮಾತು ಮೀಸೆನೇ ನುಂಗಿಬಿಡುತ್ತೆ" ಎಂದು ಒಂದು ದಿನ ನಗುತ್ತ ಹೇಳಿದ್ದಳು. ಮಾರನೆಯ ಬೆಳಿಗ್ಗೆ ಏಕಾಂತಪ್ಪ ಕ್ಷೌರದಂಗಡಿಗೆ ಹೋಗಿ ಬಂದು ಬಾಗಿಲಲ್ಲಿ ನಿಂತಾಗ ಮಹಾಂತಮ್ಮನಿಗೆ ಮಗನ ಗುರುತೇ ಹತ್ತಲಿಲ್ಲ. ಅವನು ಕೆಲಸ ಮಾಡುತ್ತಿದ್ದದ್ದು ರಾಮಚಂದ್ರಪ್ಪನವರ ಸಣ್ಣ ವರ್ಕ್‌ಷಾಪಿನಲ್ಲಿ. ತಗಡು ಬಡಿದು ಡ್ರಮ್ಮು, ನೀರಿನ ಹಂಡೆ, ಧಾನ್ಯದ ಕಣಜ ಮಾಡುವ ಜಾಗ. ಅಲ್ಲಿಯವರು ತಿಂಗಳುಗಟ್ಟಲೆ ಅವನನ್ನು ಗೇಲಿ ಮಾಡಿದರು. ಅವನೂ ಅವರ ಜೊತೆ ಸೇರಿ ನಕ್ಕ. ಮೀಸೆ ಮಾತ್ರ ಮತ್ತೆ ಬಿಡಲಿಲ್ಲ.

ಹಗಲು ಹೊತ್ತಿನಲ್ಲಿ ತೊಂದರೆ ಇರಲಿಲ್ಲ. ತೊಂದರೆ ಇದ್ದದ್ದು ಕತ್ತಲಾದ ಮೇಲೆ. ಏಕಾಂತಪ್ಪ ಮನೆಗೆ ಬರುವ ಹೊತ್ತಿಗೆ ದೀಪ ಹಚ್ಚಿರುತ್ತಿತ್ತು. ಮನೆಗೆ ಕರೆಂಟು ಇರಲಿಲ್ಲ. ಬಾಡಿಗೆ ಮನೆಯ ಮಾಲೀಕ ಗೋವಿಂದಯ್ಯ ವೈರಿಂಗ್ ಎಂದರೆ ಗೋಡೆಗೆ ಬೆಂಕಿ ಎಂದೇ ನಂಬಿದ್ದ. ಲಾಟೀನು ನೆಲದ ಮೇಲಿಟ್ಟರೆ ಗಂಡನ ಮುಖ ನೆರಳಲ್ಲಿರುತ್ತಿತ್ತು. ಎತ್ತಿ ಹಿಡಿದರೆ ಬೆಳಕು ಅವಳ ಕಣ್ಣಿಗೇ ಹೊಡೆಯುತ್ತಿತ್ತು. ಅದರ ಹೊಗೆಗೆ ಮಹಾಂತಮ್ಮನಿಗೆ ಕೆಮ್ಮು ಬೇರೆ. ಅದಕ್ಕೇ ಏಕಾಂತಪ್ಪ ಒಂದು ಟಾರ್ಚ್ ತಂದಿದ್ದ. ಊಟ ಮುಗಿದ ಮೇಲೆ ಜಗಲಿಯಲ್ಲಿ ಹೆಂಡತಿಯ ಎದುರು ಕೂತು, ಎಡಗೈ ಉದ್ದಕ್ಕೆ ಚಾಚಿ, ಟಾರ್ಚನ್ನು ತನ್ನ ಮುಖಕ್ಕೇ ಹಿಡಿದುಕೊಂಡು ಆ ದಿನದ್ದೆಲ್ಲ ಹೇಳುತ್ತಿದ್ದ. ಯಾವ ಹಂಡೆ ಸೋರಿತು, ಯಾರು ಯಾರೊಡನೆ ಜಗಳವಾಡಿದರು, ಸೇತುವೆಯ ಮೇಲೆ ಯಾರು ಸಿಕ್ಕಿದರು. ಕಾಶಮ್ಮನಿಗೆ ದಿನವೆಲ್ಲ ಕಾಯುವ ಹೊತ್ತು ಅದು.

ಆದರೆ ಆ ಟಾರ್ಚು ಸೆಲ್ಲು ತಿನ್ನುತ್ತಿತ್ತು. ಹೊಸ ಸೆಲ್ಲು ಹಾಕಿದ ದಿನ ಗಂಡನ ಮುಖ ಬಿಳಿಯ ಬೆಳಕಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಆಮೇಲೆ ಬೆಳಕು ಹಳದಿಯಾಗಿ, ಕೆಂಪಾಗಿ, ಕೊನೆಗೆ ಬಲ್ಬಿನೊಳಗಿನ ತಂತಿ ಮಾತ್ರ ಕೆಂಡದಂತೆ ಕಾಣುತ್ತಿತ್ತು. ಏಕಾಂತಪ್ಪ ಸೆಲ್ಲುಗಳನ್ನು ಬಿಸಿಲಿಗಿಟ್ಟು, ಅಲುಗಾಡಿಸಿ, ತಟ್ಟಿ, ಇನ್ನೊಂದು ದಿನಕ್ಕೆ ಎಳೆಯುತ್ತಿದ್ದ.

ಹೀಗೆ ಎಳೆದ ಒಂದು ಸಂಜೆಯೇ ಅದು ಆದದ್ದು. ಕೆಂಪು ಬೆಳಕಿನಲ್ಲಿ ಏಕಾಂತಪ್ಪ ಏನೋ ಹೇಳಿದ. ಕಾಶಮ್ಮನಿಗೆ ಕಂಡದ್ದು, "ನಾಳೆ ಮಾವ ಬರ್ತಾರೆ, ಹತ್ತು ಗಂಟೆ ರೈಲಿಗೆ" ಎಂದು. ಅವಳು ಮತ್ತೊಮ್ಮೆ ಕೇಳುವಷ್ಟರಲ್ಲಿ ಟಾರ್ಚು ಪೂರ್ತಿ ಆರಿತು. ಕೇಳುವುದಾದರೂ ಏನು? ಅಪ್ಪ ಬರುತ್ತಾರೆ! ಅವಳ ಅಪ್ಪ ಶಿವಯೋಗಪ್ಪ ತರೀಕೆರೆಯ ಕಡೆಯವರು. ಮಂಡಿ ನೋವೆಂದು ಮಗಳ ಮನೆಗೆ ಬಂದೇ ಎಷ್ಟೋ ಕಾಲವಾಗಿತ್ತು.

ಬೆಳಿಗ್ಗೆ ಗಂಡ ಅವಳು ಸ್ನಾನಕ್ಕೆ ಹೋಗಿದ್ದಾಗಲೇ ಕೆಲಸಕ್ಕೆ ಹೊರಟುಹೋಗಿದ್ದ. ಕಾಶಮ್ಮ ಹೂರಣ ರುಬ್ಬಿದಳು. ಅಪ್ಪನಿಗೆ ಹಲ್ಲಿಲ್ಲವೆಂದು ಹೋಳಿಗೆಯನ್ನು ತೀರ ಮೆತ್ತಗೆ ಬೇಯಿಸಿದಳು. ಎಣ್ಣೆಗಾಯಿ ಮಾಡಿದಳು. ಹಸಿರು ಇಳಕಲ್ ಸೀರೆ ಉಟ್ಟಳು. ಮಹಾಂತಮ್ಮ ಬಾಗಿಲಲ್ಲಿ ನಿಂತು ಹುಬ್ಬೇರಿಸಿ ನೋಡಿದಳೇ ಹೊರತು ಏನೂ ಕೇಳಲಿಲ್ಲ. ಸೊಸೆಗೆ ಮಗನ ತುಟಿಯೊಂದೇ ಅರ್ಥವಾಗುವುದು ಎಂದು ಅವಳು ಎಂದೋ ತೀರ್ಮಾನ ಮಾಡಿಬಿಟ್ಟಿದ್ದಳು. ಅವರಿಬ್ಬರ ನಡುವೆ ಮನೆಗೆಲಸವೆಲ್ಲ ಕೈಸನ್ನೆಯಲ್ಲೇ ನಡೆಯುತ್ತಿತ್ತು.

ಹತ್ತು ಗಂಟೆಗೆ ಮೊದಲೇ ಕಾಶಮ್ಮ ಸ್ಟೇಷನ್ನಿಗೆ ಹೋಗಿ ಕಾದಳು. ರೈಲು ಬಂತು. ಕಾಶಮ್ಮ ಡಬ್ಬಿಯಿಂದ ಡಬ್ಬಿಗೆ ಕಣ್ಣು ಹಾಯಿಸುತ್ತ ಓಡಿದಳು. ಅಪ್ಪನ ಬಿಳಿ ರುಮಾಲು ಎಲ್ಲೂ ಕಾಣಲಿಲ್ಲ. ಜನವೆಲ್ಲ ಚದುರಿದ ಮೇಲೆ, ಟ್ರಂಕಿನ ಪಕ್ಕ ಕರಿ ಕೋಟು ತೊಟ್ಟು ನಿಂತಿದ್ದವರು ಚಂದ್ರಶೇಖರಪ್ಪ. ಏಕಾಂತಪ್ಪನ ಅಕ್ಕನ ಗಂಡ, ಅಂದರೆ ಭಾವ. ಮಾವ ಅಲ್ಲ, ಭಾವ. ತುಟಿಯ ಮೇಲೆ ಎರಡೂ ಒಂದೇ. ಒಳ್ಳೆಯ ಬೆಳಕಿದ್ದರೆ ಗಂಡನ ಕೆನ್ನೆ, ಗಂಟಲು, ಹುಬ್ಬು ನೋಡಿ ಅವಳು ವ್ಯತ್ಯಾಸ ಹಿಡಿಯುತ್ತಿದ್ದಳು. ಭಾವನ ಹೆಸರೆತ್ತುವಾಗ ಅವನ ಹುಬ್ಬು ಯಾವಾಗಲೂ ಸ್ವಲ್ಪ ಗಂಟಾಗುತ್ತಿತ್ತು.

ಗಂಟಾಗುವುದಕ್ಕೆ ಕಾರಣವೂ ಇತ್ತು. ಚಂದ್ರಶೇಖರಪ್ಪ ಹೋದ ಮನೆಯಲ್ಲೆಲ್ಲ ಬಾವಿಯ ರಾಟೆಯಿಂದ ಹಿಡಿದು ಸಾರಿನ ಹುಳಿಯವರೆಗೆ ತಪ್ಪು ಹುಡುಕುವ ಆಸಾಮಿ. ಅವರನ್ನು ಎದುರುಗೊಳ್ಳಲು ಯಾರೂ ಯಾವತ್ತೂ ಸ್ಟೇಷನ್ನಿಗೆ ಬಂದವರಲ್ಲ. ಈಗ ನೋಡಿದರೆ ಇಳಕಲ್ ಸೀರೆ ಉಟ್ಟ ಕಾಶಮ್ಮ ಏದುಸಿರು ಬಿಡುತ್ತ ನಿಂತಿದ್ದಾಳೆ. ಅವಳ ಕಣ್ಣಲ್ಲಿ ನೀರು ಬೇರೆ. ಅವರು ಕೋಟಿನ ಗುಂಡಿ ತಿರುವುತ್ತ ಏನೇನೋ ಹೇಳಿದರು. ಮನೆಗೆ ಬಂದು ಹೋಳಿಗೆಯ ಮೇಲೆ ಹೋಳಿಗೆ ತಿಂದರು. ಒಂದಕ್ಕೂ ಹೆಸರಿಡಲಿಲ್ಲ. ಸಂಜೆಗೆ ಹೊರಡಬೇಕಿದ್ದವರು ವಾರದ ಕೊನೆಯವರೆಗೆ ಉಳಿದರು.

ವಿಷಯ ಏಕಾಂತಪ್ಪನಿಗೆ ಗೊತ್ತಾದದ್ದು ಅವರು ಹೋದ ಮೇಲೆ. ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದ ಕಾಶಮ್ಮ ನಗುತ್ತಲೇ ಹೇಳತೊಡಗಿದಳು. "ನಾನು ಅಪ್ಪ ಬರ್ತಾರೆ ಅಂದ್ಕೊಂಡಿದ್ದೆ ಕಣ್ರೀ. ಹೋಳಿಗೆ ಅಷ್ಟು ಮೆತ್ತಗೆ ಮಾಡಿದ್ದು ಅದಕ್ಕೇ." ಆ ಮಾತು ಮುಗಿಯುವಷ್ಟರಲ್ಲಿ ನಗು ಎಲ್ಲೋ ತಪ್ಪಿಹೋಯಿತು. ಅವಳು ಮುಖ ಅತ್ತ ತಿರುಗಿಸಿದಳು.

ಏಕಾಂತಪ್ಪ ಅವಳ ಗಲ್ಲ ಹಿಡಿದು ಮುಖ ತನ್ನ ಕಡೆ ತಿರುಗಿಸಿಕೊಂಡ. "ಭಾನುವಾರ ಶಿವಮೊಗ್ಗಕ್ಕೆ ಹೋಗಣ. ಗಾಂಧಿ ಬಜಾರಲ್ಲಿ ಚಾರ್ಜ್ ಮಾಡೋ ಬ್ಯಾಟರಿ ಸಿಗ್ತವಂತೆ. ಖಾಲಿಯಾದ್ರೆ ಎಸೆಯೋದು ಬೇಡ, ಮತ್ತೆ ತುಂಬಿಸ್ಕೋಬಹುದು. ನೀನೂ ಬಾ."

"ನಾನ್ಯಾಕೆ? ನೀವು ತಂದ್ರೆ ಸಾಕಲ್ಲ."

"ನೋಡೋಳು ನೀನು ಮಾರಾಯ್ತಿ. ನಾನು ಹೆಂಗೆ ಆರಿಸ್ಲಿ?"

ಗಾಂಧಿ ಬಜಾರಿನ ಒಂದು ಅಡ್ಡ ಓಣಿಯಲ್ಲಿ, ಬಟ್ಟೆಯಂಗಡಿಗಳ ಸಾಲು ಮುಗಿಯುವಲ್ಲಿ, ಮುರುಗೇಶಪ್ಪನ ಅಂಗಡಿ. ರೇಡಿಯೋ, ಟಾರ್ಚು, ಬಲ್ಬು, ಜೊತೆಗೆ ಬ್ಯಾಟರಿ ಚಾರ್ಜು ಮಾಡಿಕೊಡುವ ಕೆಲಸ. ಕರೆಂಟಿಲ್ಲದ ಹಳ್ಳಿಗಳಿಂದ ರೇಡಿಯೋ ಬ್ಯಾಟರಿಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಅವನಲ್ಲಿಗೆ ತರುತ್ತಿದ್ದರು. ಒಳಗೆ ಕಾಲಿಟ್ಟರೆ ಆಸಿಡ್ಡಿನ ಹುಳಿ ವಾಸನೆ ಮೂಗಿಗೆ ಹತ್ತುತ್ತಿತ್ತು. ಕಾಶಮ್ಮ ಅಂಗಡಿಯವನ ಮುಖ ನೋಡಿದಳು, ನೋಡಿ ಹತಾಶಳಾದಳು. ಮುರುಗೇಶಪ್ಪನಿಗೆ ತುಟಿಯೇ ಇಲ್ಲ ಎನ್ನುವ ಹಾಗೆ ಮೀಸೆ ಜೋತುಬಿದ್ದಿತ್ತು. ಅದರ ಹಿಂದೆ ಏನೋ ಅಲುಗುತ್ತಿತ್ತು, ಅಷ್ಟೇ.

ಏಕಾಂತಪ್ಪ ವಿಷಯ ತಿಳಿಸಿದ. ಅವಳಿಗೆ ಕಿವಿ ಕೇಳುವುದಿಲ್ಲ ಎಂದು ಗೊತ್ತಾದ ಕೂಡಲೇ ಮುರುಗೇಶಪ್ಪ ಅವಳತ್ತ ಬಾಗಿ ಕಿರುಚತೊಡಗಿದ. ಅವನ ಕುತ್ತಿಗೆಯ ನರ ಉಬ್ಬಿತು, ಮುಖ ಕೆಂಪೇರಿತು. ಪಕ್ಕದ ಅಂಗಡಿಯವರು ಇಣುಕಿ ನೋಡಿದರು. ಕಾಶಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

"ಕಿರುಚಿದ್ರೆ ಪ್ರಯೋಜನ ಇಲ್ಲ ಸ್ವಾಮಿ" ಎಂದ ಏಕಾಂತಪ್ಪ. "ಅವಳು ತುಟಿ ನೋಡಿ ತಿಳ್ಕೊಳ್ತಾಳೆ. ನಿಮ್ದು ಕಾಣಿಸ್ತಿಲ್ಲ."

ಮುರುಗೇಶಪ್ಪ ಒಂದು ಕ್ಷಣ ಯೋಚಿಸಿದ. ಆಮೇಲೆ ಎರಡು ಬೆರಳಿನಿಂದ ಮೀಸೆಯನ್ನು ಮೇಲಕ್ಕೆತ್ತಿ ಹಿಡಿದುಕೊಂಡು, ಬಿಡಿಸಿ ಬಿಡಿಸಿ ಕೇಳಿದ. "ಈಗ ಕಾಣುತ್ತಾ ಅಮ್ಮಾ?"

"ಕಾಣುತ್ತೆ ಕಾಣುತ್ತೆ!" ಎಂದಳು ಕಾಶಮ್ಮ. ಸಂತೋಷಕ್ಕೆ ದನಿ ಎಷ್ಟು ಏರಿತೋ, ಓಣಿಯಲ್ಲಿ ಹೋಗುತ್ತಿದ್ದ ಎತ್ತಿನ ಗಾಡಿಯವನು ತಿರುಗಿ ನೋಡಿದ. ಅವಳು ಥಟ್ಟನೆ ಬಾಯಿ ಮುಚ್ಚಿದಳು. ಮುರುಗೇಶಪ್ಪ ಮಾತ್ರ ವ್ಯಾಪಾರ ಮುಗಿಯುವವರೆಗೂ ಅವಳೊಡನೆ ಮಾತಾಡುವಾಗಲೆಲ್ಲ ಮೀಸೆ ಎತ್ತಿ ಹಿಡಿದೇ ಇದ್ದ.

ಅವನು ಮೂರು ಸಾಮಾನು ತಂದಿಟ್ಟ. ಮೊದಲನೆಯದು ಮುಂಬೈಯಿಂದ ಬಂದ ಪರದೇಶದ ಟಾರ್ಚು. ಅದರೊಳಗೇ ಚಾರ್ಜಾಗುವ ಸೆಲ್ಲು. ಹಿಂಬದಿಯ ಪಿನ್ನುಗಳನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದರೆ ಆಯಿತು. ಎರಡನೆಯದು ಕಾರಿನ ಬ್ಯಾಟರಿ, ಅದಕ್ಕೊಂದು ದೊಡ್ಡ ಬಲ್ಬು. ಮೂರನೆಯದು ಮೋಟಾರ್ ಸೈಕಲ್ಲಿನ ಸಣ್ಣ ಬ್ಯಾಟರಿ, ಸಣ್ಣ ಬಲ್ಬು.

"ಕತ್ತಲಲ್ಲಿ ನೋಡ್ಬೇಕು" ಎಂದಳು ಕಾಶಮ್ಮ, ಈ ಸಲ ಪಿಸುಮಾತಿನಲ್ಲಿ.

ಅಂಗಡಿಯ ಹಿಂದೆ ಕಿಟಕಿಯಿಲ್ಲದ ಉಗ್ರಾಣವಿತ್ತು. ಗಂಡ ಹೆಂಡತಿ ಅಲ್ಲಿ ಎರಡು ಪೆಟ್ಟಿಗೆಗಳ ಮೇಲೆ ಎದುರು ಬದುರು ಕೂತರು. ಮುರುಗೇಶಪ್ಪ ಪರದೆ ಎಳೆದು ಬಾಗಿಲಲ್ಲಿ ನಿಂತ. ಅವನ ಹಿಂದೆ ಕುತೂಹಲಕ್ಕೆ ಬಂದ ಒಂದಿಬ್ಬರು ಗಿರಾಕಿಗಳೂ ನಿಂತರು. ಏಕಾಂತಪ್ಪ ಪರದೇಶದ ಟಾರ್ಚನ್ನು ಮುಖಕ್ಕೆ ಹಿಡಿದುಕೊಂಡ. ಬಿಳಿಯ ದುಂಡು ಬೆಳಕು ಅವನ ಮೂಗಿನ ಮೇಲೆ ಬಿತ್ತು. ಜನರ ಎದುರು ನಾಚಿಕೆಯಾಗಿ ಅವನು ಒಂದು, ಎರಡು, ಮೂರು ಎಂದು ಎಣಿಸತೊಡಗಿದ.

"ಎಣಿಸ್ಬೇಡಿ" ಎಂದಳು ಕಾಶಮ್ಮ. "ಮೂರಾದ್ಮೇಲೆ ನಾಲ್ಕು ಅಂತ ಕಣ್ಣು ಮುಚ್ಚಿದ್ರೂ ಗೊತ್ತಾಗುತ್ತೆ. ನಂಗೆ ಗೊತ್ತಿಲ್ಲದ್ದು ಏನಾದ್ರೂ ಹೇಳಿ."

ಅವನು ಹೇಳಿದ. ತುಟಿ ಕಾಣುತ್ತಿತ್ತು, ಆದರೆ ಹುಬ್ಬು ಕಾಣುತ್ತಿರಲಿಲ್ಲ. ಕೈ ಸ್ವಲ್ಪ ಅಲುಗಿದರೆ ಬೆಳಕು ಕಿವಿಯ ಮೇಲೆ ಹೋಗುತ್ತಿತ್ತು. "ಇದು ಬಾಯೊಂದೇ ತೋರಿಸುತ್ತೆ" ಎಂದಳು ಅವಳು. ಮುರುಗೇಶಪ್ಪನೂ ಅದನ್ನು ಒತ್ತಾಯಿಸಲಿಲ್ಲ. "ಒಳಗಿನ ಸೆಲ್ಲು ಸತ್ರೆ ಬದ್ಲಿ ಸೆಲ್ಲು ಇಡೀ ಜಿಲ್ಲೆಲಿ ಸಿಗಲ್ಲ ಅಮ್ಮಾ, ನಿಜ ಹೇಳ್ಬಿಡ್ತೀನಿ. ಅಂದಕ್ಕೆ ಅಂತ ಇಟ್ಟಿದೀನಿ."

ಕಾರಿನ ಬ್ಯಾಟರಿ ಹೊತ್ತು ತರಲು ಇಬ್ಬರು ಬೇಕಾಯಿತು. ಬಲ್ಬು ಹೊತ್ತಿದ ಕೂಡಲೇ ಉಗ್ರಾಣವೆಲ್ಲ ಹಗಲಾಯಿತು. ಏಕಾಂತಪ್ಪನ ಮುಖದ ಪ್ರತಿ ಕೂದಲೂ ಕಂಡಿತು. ಅವನು ದನಿ ತೆಗೆಯದೆ, ಬರೀ ತುಟಿ ಆಡಿಸಿ ಹೇಳಿದ. "ಅಂಗಡಿಯೋನ ಮೀಸೆ ನೋಡು. ನಮ್ಮ ಹಿತ್ತಲಿನ ಹಳೇ ಪೊರಕೆ ಹಂಗೇ ಇದೆ."

ಕಾಶಮ್ಮ ಜೋರಾಗಿ ನಕ್ಕುಬಿಟ್ಟಳು. ಬಾಗಿಲಲ್ಲಿದ್ದ ಮುರುಗೇಶಪ್ಪ ಏಕಾಂತಪ್ಪನನ್ನು ಕೇಳಿದ. "ಏನ್ ಹೇಳಿದ್ರಿ? ನಂಗೇನೂ ಕೇಳಿಸ್ಲಿಲ್ಲ."

"ಬೆಳಕು ಪಸಂದಾಗಿದೆ ಅಂದೆ."

ಬೆಳಕು ಪಸಂದಾಗಿತ್ತು ನಿಜ. ಆದರೆ ಆ ಬ್ಯಾಟರಿಯನ್ನು ಜಗಲಿಗೊಮ್ಮೆ, ಒಳಗೊಮ್ಮೆ ಒಯ್ಯುವವರು ಯಾರು? ಮೇಲಾಗಿ ಅಷ್ಟು ಪ್ರಖರ ಬೆಳಕಿಗೆ ಏಕಾಂತಪ್ಪ ಕಣ್ಣು ಕಿರಿದು ಮಾಡುತ್ತಿದ್ದ. ಕಣ್ಣು ಕಿರಿದಾದರೆ ಅವನು ತಮಾಷೆ ಮಾಡುತ್ತಿದ್ದಾನೋ ಸಿಟ್ಟಾಗಿದ್ದಾನೋ ತಿಳಿಯುತ್ತಿರಲಿಲ್ಲ. ಅವಳು ತಲೆಯಲ್ಲಾಡಿಸಿದಳು.

ಮೂರನೆಯದನ್ನು ಮುರುಗೇಶಪ್ಪ ಒಂದೇ ಕೈಯಲ್ಲಿ ತಂದು ಗೋಡೆಯ ಗೂಡಿನಲ್ಲಿಟ್ಟ. ಬಲ್ಬಿನ ಹಿಂದೆ ಒಂದು ತಗಡಿನ ಚೂರು ಸಿಕ್ಕಿಸಿದ. ಹದವಾದ ಬೆಳಕು ಏಕಾಂತಪ್ಪನ ಹಣೆಯಿಂದ ಎದೆಯವರೆಗೆ ಹರಡಿತು. ಅವನ ಎರಡೂ ಕೈ ಬಿಡುವಾಗಿದ್ದವು. ಇಷ್ಟು ಕಾಲ ಟಾರ್ಚು ಹಿಡಿದು ಹಿಡಿದು ಅಭ್ಯಾಸವಾದ ಎಡಗೈಯನ್ನು ಏನು ಮಾಡಬೇಕೆಂದು ತಿಳಿಯದೆ ಅವನು ತೊಡೆಯ ಮೇಲಿಟ್ಟುಕೊಂಡ.

"ಹೇಳಿ" ಎಂದಳು ಕಾಶಮ್ಮ.

ಅವನು ಬಾಗಿಲ ಕಡೆ ಒಮ್ಮೆ ನೋಡಿ, ಮತ್ತೆ ಅವಳ ಕಡೆ ತಿರುಗಿದ. ಈ ಸಲವೂ ದನಿಯಿಲ್ಲದೆ ತುಟಿಯಷ್ಟೇ ಅಲುಗಿತು.

"ನಿನ್ ದನಿ ಜೋರು ಅಂತ ಎಲ್ರೂ ಹೇಳ್ತಾರೆ. ನೀನು ಮಾತಾಡೋದೇ ಬಿಟ್ಟಿದೀಯ. ತಗಡು ಬಡಿದೂ ಬಡಿದೂ ನನ್ ಕಿವಿನೂ ಮಂದ ಆಗಿದೆ ಕಾಶಿ. ಅಮ್ಮ ಕರೆದ್ರೆ ಅರ್ಧ ಕೇಳ್ಸಲ್ಲ. ವರ್ಕ್‌ಷಾಪಲ್ಲಿ ಯಾರ್ ಏನ್ ಅಂದ್ರೂ ಸುಮ್ನೆ ತಲೆ ಆಡಿಸ್ತೀನಿ. ನಂಗೆ ಕಷ್ಟ ಇಲ್ದೆ ಕೇಳ್ಸೋದು ನಿನ್ ದನಿ ಒಂದೇ. ಮೆಲ್ಲಗೆ ಮಾತಾಡ್ಬೇಡ."

ಕಾಶಮ್ಮನಿಗೆ ಅವನ ಹುಬ್ಬು ಕಾಣುತ್ತಿತ್ತು, ಗಂಟಲು ಕಾಣುತ್ತಿತ್ತು. ಮಾತು ಮುಗಿದ ಮೇಲೆ ಕೆಳತುಟಿ ಸಣ್ಣಗೆ ನಡುಗಿದ್ದೂ ಕಂಡಿತು. ಅವನಿಗೆ ಕಿವಿ ಮಂದವಾಗಿದೆ ಎಂದು ಅವಳಿಗೆ ಇಷ್ಟು ದಿನ ತಿಳಿಯುವ ಬಗೆಯೇ ಇರಲಿಲ್ಲ. ಕೇಳಿಸದವರಿಗೆ ಇನ್ನೊಬ್ಬರಿಗೆ ಕೇಳಿಸದ್ದು ಹೇಗೆ ಗೊತ್ತಾಗಬೇಕು?

ಬಾಗಿಲಲ್ಲಿದ್ದವರು ಅವಳ ಮುಖ ನೋಡಿ ಏನೋ ಎಡವಟ್ಟಾಯಿತೆಂದುಕೊಂಡರು. ಮುರುಗೇಶಪ್ಪ ಗಾಬರಿಯಲ್ಲಿ ಮೀಸೆ ಎತ್ತುವುದನ್ನೂ ಮರೆತು ಏನೋ ಕೇಳಿದ.

"ಇದೇ!" ಎಂದಳು ಕಾಶಮ್ಮ. ದನಿ ಇಳಿಸುವ ಗೋಜಿಗೇ ಹೋಗಲಿಲ್ಲ. "ಇದೇ ಇರ್ಲಿ. ಇದನ್ನೇ ಕೊಡಿ!"

ಇನ್ನು ಚಾರ್ಜರಿನ ಮಾತು. ಮನೆಗೆ ಕರೆಂಟಿಲ್ಲದಿದ್ದರೂ ಎದುರುಮನೆ ಪದ್ಮಮ್ಮನಲ್ಲಿ ಇತ್ತು. ಬ್ಯಾಟರಿ ಅಲ್ಲಿಟ್ಟು ತುಂಬಿಸಿಕೊಳ್ಳಿ ಎಂದು ಅವಳು ಮೊದಲೇ ಹೇಳಿದ್ದಳು. ಮುರುಗೇಶಪ್ಪನಲ್ಲಿ ಎರಡು ಬಗೆ ಇದ್ದವು. ದೊಡ್ಡದು ಒಂದೆರಡು ಗಂಟೆಯಲ್ಲಿ ಕೆಲಸ ಮುಗಿಸುವಂಥದ್ದು. ಇನ್ನೊಂದು ಅವನೇ ಮರದ ಪೆಟ್ಟಿಗೆಯಲ್ಲಿ ಜೋಡಿಸಿದ ಸಣ್ಣದು, ಅದಕ್ಕೆ ಇಡೀ ಹಗಲು ಬೇಕು. ಏಕಾಂತಪ್ಪನ ಕಣ್ಣು ದೊಡ್ಡದರ ಮೇಲಿತ್ತು.

ಮುರುಗೇಶಪ್ಪ ಮೀಸೆ ಎತ್ತಿ ಕಾಶಮ್ಮನಿಗೇ ಹೇಳಿದ. "ದೊಡ್ಡದು ಕಾರಿಂದಕ್ಕೆ ಸರಿ ಅಮ್ಮಾ. ಈ ಪುಟ್ಟ ಬ್ಯಾಟರಿಗೆ ಹಚ್ಚಿದ್ರೆ ಮಗೂಗೆ ಗಬಗಬ ಅಂತ ತುರುಕ್ದಂಗೆ. ಬಿಸಿಯಾಗುತ್ತೆ, ನೊರೆ ಬರುತ್ತೆ, ಬೇಗ ಹಾಳಾಗುತ್ತೆ. ಸಣ್ಣದ್ರಲ್ಲಿ ನಿಧಾನಕ್ಕೆ ಕುಡೀಲಿ. ಬೆಳಕು ಮಂಕಾಗ್ತಿದ್ದಂಗೆ ಹಚ್ಚಿ, ಪೂರ್ತಿ ಸಾಯೋಕೆ ಬಿಡ್ಬೇಡಿ. ಒಳಗೆ ನೀರು ಕಡ್ಮೆ ಆದ್ರೆ ಈ ಬಾಟ್ಲಿಲಿರೋ ಬ್ಯಾಟರಿ ನೀರು ಮಾತ್ರ ಹಾಕಿ, ಬಾವಿ ನೀರು ಬೇಡ."

"ಸಣ್ಣದೇ ಕೊಡಿ" ಎಂದಳು ಅವಳು. ಗಂಡನ ಕಡೆ ತಿರುಗಿ, "ನಮಗೇನು ಅವಸರ?" ಎಂದಳು.

ರೈಲಿನಲ್ಲಿ ಬ್ಯಾಟರಿಯನ್ನು ಇಬ್ಬರ ನಡುವೆ ಸೀಟಿನ ಮೇಲೆ ನೆಟ್ಟಗೆ ಕೂರಿಸಿಕೊಂಡು ಬಂದರು. ವಾಲಬಾರದೆಂದು ಕಾಶಮ್ಮ ಅದರ ಸುತ್ತ ತೋಳು ಬಳಸಿದ್ದಳು. ದಾರಿಯುದ್ದಕ್ಕೂ ಅವಳು ಮಾತಾಡಿದಳು. ಅಪ್ಪನ ಮಂಡಿ ನೋವಿಗೆ ಎಣ್ಣೆ ಕಳಿಸಬೇಕು ಎಂದಳು, ಗೋವಿಂದಯ್ಯನ ಮಗಳು ಹೇಗೆ ಕೊಂಕು ಮುಖ ಮಾಡುತ್ತಾಳೆಂದು ಮಾಡಿ ತೋರಿಸಿದಳು. ಡಬ್ಬಿಯ ಜನ ತಿರುಗಿ ತಿರುಗಿ ನೋಡಿದರು. ಏಕಾಂತಪ್ಪ ಕಿಟಕಿಗೆ ಒರಗಿ, ಒಂದು ಮಾತೂ ಬಿಡದಂತೆ ಕೇಳುತ್ತ ಕೂತಿದ್ದ.

ಮಾರನೆಯ ದಿನ ಅವನು ವರ್ಕ್‌ಷಾಪಿನಲ್ಲಿ ಹೊಳೆಯುವ ತಗಡಿನಿಂದ ಬಲ್ಬಿಗೊಂದು ಮರೆ ಬಡಿದು ತಂದ. ನಡುಮನೆಯ ಗೂಡಿನಲ್ಲಿ ಬ್ಯಾಟರಿ ಕೂತಿತು. ಅದರ ಎದುರು, ಬೆಳಕು ಸರಿಯಾಗಿ ಬೀಳುವ ಜಾಗದಲ್ಲಿ ಒಂದು ಮಣೆ ಹಾಕಿದರು. ಮಾತಾಡುವವರು ಅಲ್ಲಿ ಕೂರಬೇಕು ಎಂದು ಏರ್ಪಾಡಾಯಿತು. ಮಾತಾಡುವವರು ಎಂದರೆ ಏಕಾಂತಪ್ಪ, ಇನ್ಯಾರು?

ಕೆಲವು ದಿನ ಹೀಗೇ ನಡೆಯಿತು. ಒಂದು ಸಂಜೆ ಏಕಾಂತಪ್ಪ ಬರುವುದು ತಡವಾಯಿತು. ಕಾಶಮ್ಮ ದೀಪ ಹಾಕಿ ಹೂ ಕಟ್ಟುತ್ತ ಕೂತಿದ್ದಳು. ಮಹಾಂತಮ್ಮ ಅಡುಗೆಮನೆಗೂ ನಡುಮನೆಗೂ ನಾಲ್ಕೈದು ಸಲ ಓಡಾಡಿದಳು. ಕೊನೆಗೆ ಬಂದು ಆ ಮಣೆಯ ಮೇಲೆ ಕೂತೇಬಿಟ್ಟಳು. ಫೋಟೋ ತೆಗೆಸಿಕೊಳ್ಳುವವಳಂತೆ ಸೆರಗು ಸರಿಮಾಡಿಕೊಂಡು, ಬೆಳಕಿಗೆ ಮುಖ ಎತ್ತಿದಳು. ತುಟಿ ಅಲುಗಿಸಿದಳು.

ಮಹಾಂತಮ್ಮನಿಗೆ ಮುಂದಿನ ಹಲ್ಲಿರಲಿಲ್ಲ. ತುಟಿ ಒಳಕ್ಕೆ ಹೋಗಿದ್ದವು. ಕಾಶಮ್ಮ ಹೂ ಕೆಳಗಿಟ್ಟು ಮುಂದೆ ಬಾಗಿದಳು. "ಏನತ್ತೆ? ಇನ್ನೊಂದ್ಸಲ ಹೇಳಿ."

"ನಾನು ಮಾತಾಡಿದ್ರೂ ತಿಳಿಯುತ್ತಾ ಅಂದೆ."

"ತಿಳಿಯುತ್ತೆ!" ಎಂದಳು ಕಾಶಮ್ಮ.

ಮಹಾಂತಮ್ಮ ಎರಡೂ ಕೈ ಮಡಿಲಲ್ಲಿಟ್ಟುಕೊಂಡಳು. ಇಷ್ಟು ವರ್ಷದ ಮೇಲೆ ಎಲ್ಲಿಂದ ಶುರುಮಾಡಬೇಕೆಂದು ಹೊಳೆಯದವಳಂತೆ ಕಂಡಳು. "ಮೊನ್ನೆ ಸಾರಿಗೆ ಮೆಣಸು ಜಾಸ್ತಿಯಾಗಿತ್ತು" ಎಂದಳು ಮೊದಲು. ಆಮೇಲೆ, "ಬೇಜಾರು ಮಾಡ್ಕೋಬೇಡ ಕಣೇ. ನಿಂಗೆ ತಿಳಿಯಲ್ಲ ಅಂತ ನಾನು ಪ್ರಯತ್ನನೇ ಮಾಡ್ಲಿಲ್ಲ. ಏಕಾಂತ ಕೆಲಸಕ್ಕೆ ಹೋದ್ರೆ ಮನೇಲಿ ನಂಗೂ ಮಾತಾಡೋಕೆ ಯಾರಿದಾರೆ?" ಎಂದಳು.

ಕಾಶಮ್ಮನಿಗೆ ಅರ್ಧ ಸಿಕ್ಕಿತು, ಅರ್ಧ ತಪ್ಪಿತು. ತಪ್ಪಿದ್ದನ್ನು ಮತ್ತೆ ಕೇಳಿದಳು. ಮಹಾಂತಮ್ಮನಿಗೆ ಬೇಸರವಾಗಲಿಲ್ಲ. ಒಂದೊಂದು ಮಾತನ್ನೂ ಎರಡೆರಡು ಸಲ ಹೇಳುವುದರಲ್ಲಿ ಅವಳಿಗೆ ಸುಖವೇ ಇದ್ದಂತಿತ್ತು. ತನ್ನ ತವರಿನ ಭದ್ರಾ ನದಿ ದಾಟುವ ಹರಿಗೋಲು, ತನ್ನ ಅತ್ತೆಯ ಜೋರು, ಏಕಾಂತ ಚಿಕ್ಕವನಿದ್ದಾಗ ತೊದಲುತ್ತಿದ್ದದ್ದು, ಎಲ್ಲವೂ ಬಂದವು. ಕಾಶಮ್ಮ ನಡುನಡುವೆ ತಡೆದು ಕೇಳುತ್ತಿದ್ದಳು, ನಗುತ್ತಿದ್ದಳು. ಅವಳ ದನಿ ಬೀದಿಯ ಕೊನೆಯವರೆಗೆ ಹೋಗುತ್ತಿತ್ತು. ಮಹಾಂತಮ್ಮನ ಅಂಗೈ ಒಮ್ಮೆಯೂ ಕೆಳಗೆ ಸನ್ನೆ ಮಾಡಲಿಲ್ಲ.

ಏಕಾಂತಪ್ಪ ಬಂದು ಹೊಸಿಲ ಬಳಿ ಚಪ್ಪಲಿ ಬಿಟ್ಟು ನಿಂತ. ಇಬ್ಬರೂ ಅವನತ್ತ ನೋಡಲಿಲ್ಲ. ಅವನೇ ಒಳಗೆ ಹೋಗಿ ಕೈಕಾಲು ತೊಳೆದು, ಚಿಮಣಿ ದೀಪದ ಬೆಳಕಲ್ಲಿ ರೊಟ್ಟಿ ಹಾಕಿಕೊಂಡು ತಿನ್ನುತ್ತ ಕೂತ.

ಅಷ್ಟರಲ್ಲಿ ಎದುರುಮನೆ ಪದ್ಮಮ್ಮ ಬಂದು ಬಾಗಿಲಲ್ಲಿ ಇಣುಕಿದಳು. "ಯಾರೋ ನೆಂಟರು ಬಂದಂಗಿದೆ ಅಂತ ನೋಡೋಕೆ ಬಂದೆ."

"ಯಾವ ನೆಂಟ್ರೂ ಇಲ್ಲ, ನಾವೇ ಮಾತಾಡ್ತಿದೀವಿ" ಎಂದಳು ಮಹಾಂತಮ್ಮ, ಮಣೆಯ ಮೇಲೆ ಸ್ವಲ್ಪ ಪಕ್ಕಕ್ಕೆ ಸರಿಯುತ್ತ. "ಬಾ, ಕೂತ್ಕೋ. ಹಂಗಲ್ಲ ಮಾರಾಯ್ತಿ, ಬೆಳಕಿಗೆ ಮುಖ ಮಾಡಿ ಕೂತ್ಕೋ."